ಹೊಸ ಕರ್ನಲ್, ಹಳೇ ತುಣುಕು

ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇತ್ತು. ಧಾರವಾಡದ ಗೆಳೆಯರೊಬ್ಬರು ಕೊಟ್ಟ ಸಿ.ಡಿ.ಯಿಂದ ನಮ್ಮ ಯಜಮಾನರು ಒಂದು ಭಾನುವಾರ ಅದರ ಕರ್ನಲ್ಲನ್ನು, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ಮೂಲ ಪ್ರೋಗ್ರಾಮನ್ನು, ಹೊಸದು ಮಾಡಿದರು. ಸೋಮವಾರ ನೋಡಿದರೆ ಫೋನಿನ ತಂತಿಯಿಂದ ಇಂಟರ್ನೆಟ್ಟಿಗೆ ಜೋಡಿಸುವ ಮೋಡೆಮ್ ಮೂಕ. ಅದನ್ನು ನಡೆಸುವ ಪ್ರೋಗ್ರಾಮಿನ ತುಣುಕು ಹೊರಗಿನಿಂದ ತಂದು ಸೇರಿಸಿದ್ದು. ಕರ್ನಲ್ ಬದಲಾದಾಗಲೆಲ್ಲ ಅದನ್ನೂ ಮತ್ತೆ ಕಟ್ಟಬೇಕು.

ನನಗೆ ಅಂದು ಒಂದು ಇ-ಮೇಲ್ ಕಳಿಸಲೇಬೇಕಿತ್ತು. ಮದುವೆಯಾದ ಹನ್ನೊಂದು ವರ್ಷದ ಮೇಲೆ ಹಳಿಯಾಳದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತ್ತು. ಕಂಪ್ಯೂಟರ್ ಬಲ್ಲವರೇ ಬೇಕೆಂದು ಒಪ್ಪಿಗೆಯನ್ನೂ ಇ-ಮೇಲಿನಲ್ಲೇ ಕೇಳಿದ್ದರು. ಸಂಜೆ ಐದು ದಾಟಿದರೆ ಕೆಲಸ ಬೇರೆಯವರಿಗೆ. ಪೇಟೆಯ ಸೈಬರ್ ಕೆಫೆ ಆ ದಿನ ಬಾಗಿಲು ತೆಗೆದಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಉಣ್ಣುತ್ತಲೇ ಎಡಗೈಯಲ್ಲಿ ಮೂರು ಸಲ 'ಮೇಕ್' ಎಂದು, ತುಣುಕನ್ನು ಕಟ್ಟುವ ಆಜ್ಞೆ ಹೊಡೆದರು. ಮೂರು ಸಲವೂ ಕೆಲಸ ಕ್ಷಣದಲ್ಲಿ ಮುಗಿಯಿತು. ಸೇರಿಸಲು ಹೋದರೆ ಮೂರು ಸಲವೂ ಅದೇ ತಕರಾರು: ಈ ತುಣುಕು ಹಳೆಯ ಕರ್ನಲ್ಲಿಗೆ ಕಟ್ಟಿದ್ದು.

"ಅದು ಹೊಸದಾಗಿ ಕಟ್ಟೇ ಇಲ್ಲಲ್ರೀ. ಮದ್ಲ ಹಳೇದನ್ನ ಅಳಸ್ರಿ," ಎಂದೆ. ತುಣುಕಿನ ಜೊತೆಗಿದ್ದ ಸೂಚನೆಗಳನ್ನು, ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ, ಕೊನೆಯ ಸಾಲಿನವರೆಗೆ ಓದಿದ್ದೆ.

"ಅಳಸೂದು ಯಾಕ? ಅದರಾಗ ಅರ್ಧಾ ಕೆಲಸಾ ಆಗೇತಿ. ನಮ್ಮ ಮಿಲ್ಲಿನಾಗ ಹರದ ಹಾಳೀನೂ ಒಗಿಯೂದಿಲ್ಲ, ತಿರುಗಿ ಅರದು ಪಲ್ಪ್ ಮಾಡತೇವಿ."

"ನೀವು ಪಲ್ಪ್ ಮಾಡಿ ಹಾಕತೀರಿ. ಇದನ್ನ ಹರದ ಹಾಳಿ ಇದ್ದಂಗ ಹಾಕಾಕತ್ತೀರಿ."

"ಭಾಳ ಶಾಣ್ಯಾಕಿ ಆದಿ," ಎನ್ನುತ್ತ ಕೈತೊಳೆದು, ಮಿಲ್ಲಿನ ಸೈರನ್ ಕೇಳಿ ಹೊರಟರು.

ಕೀಬೋರ್ಡಿನ ಸಂದಿಯಲ್ಲಿ ಒಂದು ಚುರಮುರಿ ಸಿಕ್ಕಿಕೊಂಡಿತ್ತು. ಪಿನ್ನಿನಿಂದ ತೆಗೆದೆ. ಆಮೇಲೆ ಹಿಂದೆ ಕಟ್ಟಿದ್ದನ್ನೆಲ್ಲ ಅಳಿಸುವ 'ಮೇಕ್ ಕ್ಲೀನ್' ಹೊಡೆದು, ಮತ್ತೆ 'ಮೇಕ್' ಎಂದೆ. ಈ ಸಲ ತೆರೆಯ ಮೇಲೆ ಸಾಲುಗಳು ಕುಕ್ಕರಿನ ಮೂರು ಸೀಟಿಯಷ್ಟು ಹೊತ್ತು ಓಡಿದವು. ತುಣುಕನ್ನು ಸೇರಿಸಿದೆ. ತಕರಾರು ಬರಲಿಲ್ಲ. ಮೋಡೆಮ್ ನಂಬರ್ ಒತ್ತಿ ಕೀರಲು ದನಿ ತೆಗೆಯಿತು. ನಾಲ್ಕು ಗಂಟೆಗೆ ಹತ್ತು ನಿಮಿಷವಿದ್ದಾಗ ನನ್ನ ಒಪ್ಪಿಗೆ ಹೋಯಿತು.

ಸಂಜೆ ಅವರು ಬಾಗಿಲಲ್ಲೇ ಕೇಳಿದರು: "ಹಳೇದನ್ನ ಅಳಿಸಿದೇನು?"

"ಅಳಿಸಿದ್ನಿ."

"ಮತ್ತ?"

"ಗುರುವಾರದಿಂದ ಎಂಟರ ಬಸ್ಸಿಗೆ ಹಳಿಯಾಳಕ್ಕ ಹೋಗ್ತೇನ್ರಿ. ಮಧ್ಯಾಹ್ನ ನೀವ ಬಡಿಸ್ಕೊಂಡು ಉಣಬೇಕು."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಪಲ್ಯಾ ಯಾವ ಪಾತೇಲ್ಯಾಗ ಇಟ್ಟಿರ್ತೀ, ಅಷ್ಟ ಹೇಳಿ ಹೋಗು," ಎಂದರು.