ಪಕ್ಕದ ಮನೆಯ ವಾರ್ಸಾ

ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿ ಪೋಲೆಂಡಿನ ವಾರ್ಸಾ ನಗರದ ವೃದ್ಧೆಯೊಬ್ಬರಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ, ಹಗಲೆಲ್ಲ ಮನೆಯಲ್ಲೇ. ನನಗೆ ಕಾರು ಕಲಿಸಿದವರು ಅವರೇ. ಮಧ್ಯಾಹ್ನ ಕಾಫಿಗೆ ಬಂದರೆ ತಮ್ಮ ಊರಿನದೇ ಮಾತು. ಯುದ್ಧದಲ್ಲಿ ಜರ್ಮನರು ಮನೆಮನೆಗೂ ಸಿಡಿಮದ್ದಿಟ್ಟು ಹಳೇ ಪೇಟೆಯನ್ನು ನೆಲಸಮ ಮಾಡಿದ್ದು, ಆಮೇಲೆ ಜನ ಹಳೆಯ ಚಿತ್ರಗಳನ್ನು ನೋಡಿಕೊಂಡು ಅದನ್ನು ಇದ್ದ ಹಾಗೆಯೇ ಮತ್ತೆ ಕಟ್ಟಿದ್ದು.

ಒಮ್ಮೆ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಂಪಿಯನ್ನು ಕಂಡು, "ಇದು ಹಾಳಾಗಿ ಎಷ್ಟು ವರ್ಷವಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನಾನೂರರ ಮೇಲಾಯಿತು."

"ಇನ್ನೂ ಹಾಗೇ ಬಿಟ್ಟಿದ್ದೀರಾ? ನಾವಾಗಿದ್ದರೆ ಕಟ್ಟುತ್ತಿದ್ದೆವು."

ನಾನು ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವಳು. ನಕ್ಕೆ. ಆದರೆ ಆ ಮಾತನ್ನು ಮರೆಯಲಿಲ್ಲ.

ಎರಡು ವರ್ಷದ ಮೇಲೆ, ಗಂಡನಿಗೆ ವಾರ್ಸಾದಲ್ಲಿ ಆಫೀಸ್ ಕೆಲಸ ಬಿತ್ತು. ನಾನೂ ಜೊತೆಗೆ ಹೋಗಿ ಬಂದೆ. ಬಂದ ವಾರವೇ ಮೂರು ಕನ್ನಡ ಕುಟುಂಬಗಳನ್ನು ಊಟಕ್ಕೆ ಕರೆದೆ. ಪಕ್ಕದ ಮನೆಯ ವೃದ್ಧೆಯನ್ನೂ ಕರೆದೆ. ಟಿವಿಯಲ್ಲಿ ಹಳೇ ಪೇಟೆಯ ಫೋಟೋ ಹಾಕುತ್ತಿದ್ದಂತೆ ಅವರು ಕುರ್ಚಿ ಎಳೆದುಕೊಂಡು ಮುಂದೆ ಬಂದು ಕೂತರು.

"ಇಷ್ಟು ಹಳೇದನ್ನ ಎಷ್ಟ್ ಚೆನ್ನಾಗಿ ಮೇಂಟೇನ್ ಮಾಡಿದಾರಲ್ಲ!" ಎಂದಳು ಒಬ್ಬ ಗೆಳತಿ.

"ಹಳೇದೆಲ್ಲಿ ಬಂತು? ನಮ್ಮಪ್ಪನಿಗಿಂತ ಸಣ್ಣದು. ಎಲ್ಲಾ ಡೂಪ್ಲಿಕೇಟ್, ಸಿನಿಮಾ ಸೆಟ್ ಹಾಕ್ದಂಗೆ," ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು.

ಕನ್ನಡ ಬಾರದ ಅವರೂ ಮುಗುಳ್ನಗುತ್ತಾ, "ಏನು, ನನಗೂ ಹೇಳಿ," ಎಂದರು.

"ಬೇಡ, ಬಿಟ್ಬಿಡು," ಎಂದರು ನನ್ನ ಗಂಡ. ನಾನು ಒಂದೊಂದು ಮಾತನ್ನೂ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಹಂಪಿ ಬಿದ್ದಿದ್ದರೂ ಅಸಲಿ ಎಂದೂ ಸೇರಿಸಿದೆ.

ಅವರು ಪರದೆಯ ಮೇಲಿದ್ದ ಹಳದಿ ಮನೆಯತ್ತ ಬೆರಳು ತೋರಿಸಿದರು. "ಅದನ್ನು ಕಟ್ಟಲು ಬಿದ್ದ ಮನೆಗಳಿಂದ ಆಯ್ದ ಇಟ್ಟಿಗೆಗಳಿಗೆ ಅಂಟಿದ್ದ ಗಾರೆ ಕೆರೆದವರಲ್ಲಿ ನಾನೂ ಒಬ್ಬಳು. ಆಗ ಒಂಬತ್ತು ವರ್ಷ. ಅಮ್ಮನ ಹೆಣ ಸಿಕ್ಕಿದ್ದೂ ಆ ಇಟ್ಟಿಗೆ ರಾಶಿಯಲ್ಲೇ."

"ಸಾರಿ ಆಂಟಿ," ಎಂದರು ಯಾರೋ. ನಾನು ರಿಮೋಟ್ ಒತ್ತಿದೆ. ಮುಂದಿನ ಫೋಟೋದಲ್ಲಿ ಅದೇ ಮನೆಯ ಮುಂದೆ ನಿಂತು ನಾನು ಐಸ್‌ಕ್ರೀಮ್ ತಿನ್ನುತ್ತಿದ್ದೆ. ಅವರು ಎದ್ದರು. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಇತ್ತು.

ನಾನು ಕ್ಷಮೆ ಕೇಳಲು ಹೋಗಲಿಲ್ಲ. ಕೆಲವು ತಿಂಗಳಲ್ಲಿ ಅವರು ಡರ್ಹಮ್‌ನಲ್ಲಿದ್ದ ಮಗಳ ಮನೆಗೆ ಹೊರಟರು. ಹೊರಡುವ ದಿನ ನಮ್ಮ ಬಾಗಿಲು ತಟ್ಟಿದರು. ಸ್ವಲ್ಪ ತಡೆದು ಮತ್ತೆ ತಟ್ಟಿದರು. ನಾನು ಒಳಗೇ ನಿಂತಿದ್ದೆ, ತೆಗೆಯಲಿಲ್ಲ.

ನಾಚಿಕೆಯಾಗಿತ್ತು ಎಂದು ಸಂಜೆ ಗಂಡನಿಗೆ ಹೇಳಿದೆ. ನಿಜ ಹೇಳಬೇಕೆಂದರೆ, ಅವರಾಗಿಯೇ ಬಂದು ಬಾಗಿಲಲ್ಲಿ ಕಾದದ್ದು ನನಗೆ ಹಿತವಾಗಿತ್ತು.