ಔರಾದಿನ ವಿಳಾಸ ಸತ್ತಿಲ್ಲ

ನನಗೆ ಸೊನ್ನೆ ಕಂಡರೆ ಆಗುವುದಿಲ್ಲ. ಕಡಿಮೆ ಅಂದರೆ ನಂಬುತ್ತೇನೆ, ಏನೂ ಇಲ್ಲ ಅಂದರೆ ನಂಬುವುದಿಲ್ಲ. ಬೀದರಿನ ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವ ನಾನು, ಆ ದಿನ ಪರದೆಯ ಮೇಲೆ ಔರಾದಿನ ಕಾಲೇಜಿನ ಮುಂದೆ ಸೊನ್ನೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟೆ.

ವಿಷಯ ಇಷ್ಟು. ನಮ್ಮ ವೆಬ್‌ಸೈಟಿನ ನಿಜವಾದ ವಿಳಾಸಗಳು ಮಾರುದ್ದ ಇರುತ್ತವೆ, ಅವನ್ನು ಯಾರೂ ಟೈಪ್ ಮಾಡಲಾರರು. ಅದಕ್ಕೇ ಪ್ರತಿ ಕಾಲೇಜಿಗೂ ಒಂದು ಗಿಡ್ಡ ವಿಳಾಸ ಕೊಟ್ಟಿದ್ದೆವು. ಅದನ್ನು ಫೋನಿನಲ್ಲಿ ಟೈಪ್ ಮಾಡಿದರೆ ಸಾಕು, ನೇರ ಪರೀಕ್ಷಾ ಅರ್ಜಿಯ ಪುಟಕ್ಕೆ ಕರೆದೊಯ್ಯುತ್ತದೆ. ಕಾಲೇಜಿನವರು ಅದನ್ನು ಕಂಪೌಂಡ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ನಾನು ದಿನಾ ಭಾಲ್ಕಿಯಿಂದ ಬೀದರಿಗೆ ಬಸ್ಸಿನಲ್ಲಿ ಬರುವವಳು. ಭಾಲ್ಕಿಯ ಗೋಡೆಯ ಮುಂದೆ ಹುಡುಗಿಯರು ನಿಂತು ಆ ವಿಳಾಸದ ಫೋಟೋ ಹೊಡೆದುಕೊಳ್ಳುವುದನ್ನು ಕಂಡು ಒಳಗೊಳಗೇ ಬೀಗುತ್ತಿದ್ದೆ.

ಆದರೆ ಈ ದಾರಿ ತೋರಿಸುವ ಯಂತ್ರಕ್ಕೆ ಮುಪ್ಪು ಹಿಡಿದಿತ್ತು. ಕರೆಂಟು ಹೋದರೆ ಅದೂ ಮಲಗುತ್ತಿತ್ತು. ಹಾಗಾಗಿ ಆ ಕೆಲಸವನ್ನು ಕ್ಲೌಡಿಗೆ, ಅಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆಯ ಕಂಪ್ಯೂಟರುಗಳಿಗೆ, ಸಾಗಿಸುವುದೆಂದು ತೀರ್ಮಾನವಾಗಿತ್ತು. ನಮ್ಮ ಮುಖ್ಯಸ್ಥರದು ಒಂದೇ ಷರತ್ತು: ಇತ್ತೀಚೆಗೆ ಯಾರೂ ತೆರೆಯದ ವಿಳಾಸಗಳನ್ನು ಕೈಬಿಡಬೇಕು. ಯಾವುದನ್ನು ಎಷ್ಟು ಜನ ತೆರೆದರೆಂಬ ಆ ಪಟ್ಟಿಯಲ್ಲೇ ಔರಾದಿನ ಮುಂದೆ ಸೊನ್ನೆ ಇದ್ದದ್ದು.

"ಸತ್ತದ್ದನ್ನ ಯಾಕ ಹೊತ್ಕೊಂಡು ಹೋಗಬೇಕ್ರಿ ಮೇಡಂ?" ಎಂದರು.

"ಔರಾದದ್ದು ಸತ್ತಿಲ್ರಿ ಸರ್. ಅರ್ಜಿ ತುಂಬೋ ಹೊತ್ತಿನಾಗ ಒಬ್ರೂ ಬಂದಿಲ್ಲಂದ್ರ ಏನೋ ಆಗ್ಯದ."

"ಏನೂ ಆಗಿಲ್ರಿ. ನಾಳಿ ಮಧ್ಯಾಹ್ನ ಹಳೇ ಯಂತ್ರ ಬಂದ್."

ಪರೀಕ್ಷಾ ಅರ್ಜಿಗೂ ನಾಳೆಯೇ ಕೊನೆಯ ದಿನ. ಕಾಲೇಜಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅರ್ಧ ದಿನದ ರಜೆ ಬರೆದಿಟ್ಟು ಔರಾದಿನ ಬಸ್ಸು ಹತ್ತಿದೆ.

ಕಾಲೇಜಿನ ಗೋಡೆ ಹೊಸ ಸುಣ್ಣ ಬಳಿದುಕೊಂಡು ಬೆಳ್ಳಗೆ ಹೊಳೆಯುತ್ತಿತ್ತು. ವಿಳಾಸ ಇದ್ದ ಜಾಗದಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಪ್ರಾಂಶುಪಾಲರು ಹಣೆತುಂಬ ವಿಭೂತಿ ಧರಿಸುವ ಹಿರಿಯರು, ಮೇಲಿನವರ ಮಾತು ಮೀರದವರು. "ಶರಣು, ಬರ್ರಿ" ಎಂದು ಕೂರಿಸಿ, ಚಹಾ ತರಿಸಿ, ಹೆಮ್ಮೆಯಿಂದ ಹೇಳಿದರು:

"ಹಳೇ ವಿಳಾಸ ಎಲ್ಲಾ ಸ್ಥಳಾಂತರ ಆಗ್ತಾವ ಅಂತ ನಿಮ್ಮ ಆಫೀಸಿಂದ ಮೆಸೇಜ್ ಬಂತಲ್ರಿ, ಅವತ್ತೇ ಅಳಿಸಿಬಿಟ್ಟೆ ನೋಡ್ರಿ. ಖಾಲಿ ಮಾಡಿದ ಮನಿಗಿ ಮಂದಿನ್ನ ಕಳಸಬಾರದಲ್ರಿ. ಹೊಸಾದು ಬರೋ ತನಕ ತಡೀರಿ ಅಂತ ಮಕ್ಕಳಿಗೆಲ್ಲ ಹೇಳೇನಿ."

ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಾವು ಸಾಗಿಸುತ್ತೇವೆ ಅಂದೆವು, ಅವರು ಅಳಿಸಿದರು. ಅವರು ಅಳಿಸಿದ್ದಕ್ಕೆ ಯಾರೂ ಬರಲಿಲ್ಲ. ಯಾರೂ ಬರಲಿಲ್ಲವೆಂದು ನಾವು ಸತ್ತಿದೆ ಅಂದೆವು. ಭಾಲ್ಕಿಗೂ ಇದೇ ಮೆಸೇಜು ಹೋಗಿತ್ತು. ಅಲ್ಲಿ ಅದು ವಾಟ್ಸಾಪ್ ಗುಂಪಿನ ಶುಭೋದಯದ ಹೂವಿನ ಚಿತ್ರಗಳ ಅಡಿಯಲ್ಲಿ ಸಿಕ್ಕಿಕೊಂಡು ಯಾರೂ ಓದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಓದದವರ ವಿಳಾಸ ಬದುಕಿತ್ತು, ಹೇಳಿದ ಮಾತು ಕೇಳಿದವರಿಗೆ ನಾವು ಶಿಕ್ಷೆ ಕೊಡಲು ಹೊರಟಿದ್ದೆವು.

"ವಿಳಾಸ ಅದೇ ಇರ್ತದ್ರಿ ಸರ್, ಹಿಂದಿನ ಯಂತ್ರ ಅಷ್ಟೇ ಬದಲಾಗ್ತದ. ಅರ್ಜಿ ತೆರದು ಭಾಳ ದಿನ ಆಯ್ತು. ನಾಳಿ ಮುಗೀತದ" ಎಂದೆ. ಅವರು ಚಹಾ ಬಿಟ್ಟು ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಲು ಕೂತರು.

ಬಾಗಿಲಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನಮ್ಮ ಮಾತು ಕೇಳುತ್ತ ನಿಂತಿದ್ದಳು. ಹತ್ತಿರದ ಎಕಂಬಾ ಹಳ್ಳಿಯ ಸೊಸೆ, ಮದುವೆಯಾದ ಮೇಲೆ ಮತ್ತೆ ಓದಲು ಬಂದವಳು.

"ಅರ್ಜಿ ತೆರದದ ಏನ್ರಿ ಅಕ್ಕಾ? ಇನ್ನಾ ತೆರದಿಲ್ಲ ಅಂತ ಮನ್ಯಾಗ ದಿನಾ ಹೇಳ್ಕೋತ ಬಂದೇನ್ರಿ. ನಿನಗ ಓದೋ ಮನಸೇ ಇಲ್ಲ, ನೆವ ಹೇಳ್ತಿ ಅಂತಾರ ಮಾವ. ಈ ಸಲ ಪರೀಕ್ಷಾ ಬರೀಲಿಲ್ಲಂದ್ರ ಕಾಲೇಜ್ ಬಿಡು ಅಂದಾರ್ರಿ."

ಈಗಲೇ ತುಂಬಿಬಿಡು ಎಂದೆ. ಆಗುವಂತಿರಲಿಲ್ಲ. ಫೀ ಕಟ್ಟುವಾಗ ಬರುವ ಓಟಿಪಿ ಅವಳ ಗಂಡನ ಫೋನಿಗೆ ಹೋಗುತ್ತದೆ, ಗಂಡ ಊರಿಗೆ ಬರುವುದು ನಾಳೆ ಮಧ್ಯಾಹ್ನ. ಅವಳಿಗೊಬ್ಬಳಿಗೆ ಆ ಮಾರುದ್ದದ ವಿಳಾಸ ಬರೆದುಕೊಡಬಹುದಿತ್ತು. ಆದರೆ ಪ್ರಾಂಶುಪಾಲರು ಆಗಲೇ ಫೋನಿನಲ್ಲಿ ಎಲ್ಲರಿಗೂ ಹಳೆಯ ಗಿಡ್ಡ ವಿಳಾಸವನ್ನೇ ಕೂಗಿ ಹೇಳುತ್ತಿದ್ದರು. ಇನ್ನು ಅದನ್ನು ಉಳಿಸಲೇಬೇಕು ಎಂದು ನಿಶ್ಚಯಿಸಿ, ಅವಳಿಗೆ ನನ್ನ ನಂಬರು ಕೊಟ್ಟು ಹೊರಟೆ.

ಬೆಳಿಗ್ಗೆ ಮುಖ್ಯಸ್ಥರು ಕೋಣೆಯ ಬೀಗ ತೆಗೆಯುವ ಹೊತ್ತಿಗೆ ನಾನು ಬಾಗಿಲಲ್ಲಿದ್ದೆ.

"ಒಂದು ವಿಳಾಸಕ್ಕ ಇಷ್ಟು ಹಟ ಯಾಕ್ರಿ?"

"ಅವರು ಅಳಿಸಿದ್ದು ನಮ್ಮ ಮಾತು ಕೇಳೇ ಸರ್. ಔರಾದ ಕೈಬಿಟ್ಟು ಆ ಯಂತ್ರ ನಾ ಬಂದ್ ಮಾಡಂಗಿಲ್ಲ. ಬ್ಯಾರೆಯವರ ಕೈಲೆ ಮಾಡಸ್ರಿ."

ಬೇರೆಯವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸುಣ್ಣ ಬಳಿದ ಗೋಡೆಯ ಕತೆ ಹೇಳಿದೆ. ಅವರು ಬೀಗದ ಕೈಯನ್ನು ಮೇಜಿನ ಮೇಲಿಟ್ಟು "ಸೇರಸ್ರಿ" ಎಂದರು. ಔರಾದಿನದಷ್ಟೇ ಅಲ್ಲ, ಕೈಬಿಟ್ಟಿದ್ದ ಎಲ್ಲವನ್ನೂ ಸೇರಿಸಿದೆ. ಇನ್ನೆಲ್ಲೆಲ್ಲಿ ಗೋಡೆ ಬಿಳಿಯಾಗಿತ್ತೋ ಯಾರಿಗೆ ಗೊತ್ತು.

ಮಧ್ಯಾಹ್ನ ಹಳೆಯ ಯಂತ್ರ ಆರಿಸಿದೆ. ಆಫೀಸಿನಲ್ಲಿ ಎಲ್ಲ ವಿಳಾಸಗಳೂ ತೆರೆದವು. ಆದರೆ ಹೊಸ ಯಂತ್ರದ ಸುದ್ದಿ ಹೊರಗಿನ ಫೋನುಗಳಿಗೆ ಮುಟ್ಟಲು ತುಸು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲೇ ಎಕಂಬಾದಿಂದ ಫೋನು ಬಂತು.

"ಅಕ್ಕಾ, ನಮ್ಮ ಮನಿಯವರ ಫೋನಿನಾಗ ತೆರೀವಲ್ದು. ಮಾವ ಬಾಜೂಕೇ ನಿಂತಾರ್ರಿ." ದನಿ ಅಳುವಿನ ಅಂಚಿಗೆ ಬಂದಿತ್ತು.

"ಆ ಫೋನ್ ಬಂದ್ ಮಾಡಿ ಮತ್ತ ಚಾಲೂ ಮಾಡವ್ವಾ. ಇದನ್ನ ಕಟ್ ಮಾಡಬ್ಯಾಡ, ನಾ ಇಲ್ಲೇ ಇರ್ತೇನಿ."

ಕಿವಿಗೆ ಫೋನು ಒತ್ತಿಕೊಂಡು ಕೂತೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆ ಕಡೆ ಕೋಳಿಯ ಸದ್ದು, ಯಾರೋ ಹಿರಿಯರು ಕೆಮ್ಮಿದ ಸದ್ದು. ಒಂದು ಸಲ ತೆರೆಯಲಿಲ್ಲ. ಇನ್ನೊಮ್ಮೆ ನೋಡು ಎಂದೆ. ಮತ್ತೆ ತೆರೆಯಲಿಲ್ಲ. ಇನ್ನೊಮ್ಮೆ ಎಂದೆ.

ಆಮೇಲೆ ಅವಳ ದನಿ ದೂರದಿಂದ ಕೇಳಿಸಿತು. ಫೋನನ್ನು ಪಕ್ಕಕ್ಕೆ ಹಿಡಿದು ಮಾವನಿಗೆ ಹೇಳುತ್ತಿದ್ದಳು:

"ನೋಡ್ರಿ ಮಾಮಾ, ತೆರೀತು. ನಾ ನೆವ ಹೇಳ್ತಿರಲಿಲ್ಲ."