ಬೇಸಿಗೆಯಲ್ಲಿ ಬಂದ ಥಂಡಿ ಜ್ವರ

ನಮ್ಮ ಅತ್ತೆಗೆ ದಮ್ಮಿನ ಬೇನೆ ಇತ್ತು. ಪ್ರತಿವರ್ಷ ದೀಪಾವಳಿಯ ಗಿರಾಕಿಗಳ ಗದ್ದಲ ಮುಗಿದು ನವಿ ಪೇಠ ಮಾರುಕಟ್ಟೆಯ ನಮ್ಮ ಬಟ್ಟೆ ಅಂಗಡಿ ಸುಮ್ಮನಾಯಿತೆಂದರೆ, ಅವರನ್ನು ಡಾಕ್ಟರರ ಹತ್ತಿರ ಕರೆದೊಯ್ದು ಫ್ಲೂ ಸೂಜಿ ಹಾಕಿಸುವುದು ನನ್ನ ಕೆಲಸ. ಫ್ಲೂ ಎಂದರೆ ಥಂಡಿ ದಿನಗಳ ಬೇನೆ. ಸೋಲಾಪುರದ ಬೇಸಿಗೆಯಲ್ಲಿ ಯಾವ ಕ್ರಿಮಿ ಬದುಕೀತು ಎಂದು ಎಲ್ಲರೆದುರು ಜಂಬದಿಂದ ಹೇಳುತ್ತಿದ್ದೆ.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ತಮ್ಮ ಅಕ್ಕಲಕೋಟದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಕಣ್ಣು ಕೆಂಪು, ಮೈ ಕೆಂಡ, ನಡುನಡುವೆ ಕೆಮ್ಮು.

“ಅಕ್ಕಾ, ಮೈಯೆಲ್ಲಾ ನೋಯಾಕತ್ತದ.”

“ನೋಯದ ಏನ್ ಮಾಡೀತು? ಇಂಥಾ ಬಿಸಲಾಗ ತಲಿಗೆ ಏನೂ ಇಲ್ದ ಬಂದೀದಿ, ಶಾಣ್ಯಾ! ಬಿಸಲ ಬಡದದ,” ಎಂದು ಗದರಿದೆ. ಮಾವಿನಕಾಯಿ ಪಾನಕ ಕುಡಿಸಿ, ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿ, ಕೂಲರ್ ಇದ್ದ ಕೋಣೆಗೆ ಕಳಿಸಿದೆ.

ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಕಿಟಕಿ ಬಾಗಿಲು ಬಿಗಿದು, ತೋಯಿಸಿದ ಚಾದರ ಇಳಿಬಿಟ್ಟು, ಇಡೀ ಮನೆ ಆ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತದೆ. ಮೊದಲು ಹದಿನೈದು ದಿನ ಹೀಗಿರುತ್ತಿತ್ತು. ಈಗ ಹೋಳಿ ಮುಗಿದರೆ ಸಾಕು, ಮಳೆ ಬರುವ ತನಕ ಅದೇ ಗತಿ. ಅತ್ತೆಯೇ ಸರಿದು, “ಬಾರಪ್ಪಾ, ಇಲ್ಲಿ ಗಾಳಿ ಛಲೋ ಬರತದ,” ಎಂದು ಅವನಿಗೆ ಪಕ್ಕದಲ್ಲಿ ಜಾಗ ಕೊಟ್ಟರು.

ನಾಲ್ಕನೇ ದಿನ ತಮ್ಮ ಚೇತರಿಸಿಕೊಂಡು ಊರಿಗೆ ಹೋದ. ಅತ್ತೆ ಹಾಸಿಗೆ ಹಿಡಿದರು. ದವಾಖಾನೆಯಲ್ಲಿ ಪರೀಕ್ಷೆ ಮಾಡಿ ಫ್ಲೂ ಎಂದಾಗ ನಾನು ಡಾಕ್ಟರರ ಮೇಲೆ ಹರಿಹಾಯ್ದೆ.

“ಬ್ಯಾಸಗ್ಯಾಗ ಫ್ಲೂ ಹೆಂಗ ಬರತದರಿ? ಸೂಜಿ ಬ್ಯಾರೆ ಹಾಕ್ಸೀವಿ!”

“ದೀಪಾವಳಿಗೆ ಹಾಕಿದ ಸೂಜಿ ಜೋರು ಇಷ್ಟೊತ್ತಿಗೆ ಕಡಿಮಿ ಆಗಿರತದರಿ. ವೈರಸ್ಸೂ ಒಂದ ಥರಾ ಇರೂದಿಲ್ಲ, ರೂಪ ಬದಲ ಮಾಡ್ಕೋತನ ಇರತದ. ಹವಾ ಬಿಸಿ ಆದಂಗ ಅದು ಬರೂ ಹೊತ್ತೂ, ಬದಲಾಗೂ ರೀತಿನೂ ಹೆಚ್ಚುಕಮ್ಮಿ ಆಗಬಹುದು ಅಂತಾರ. ನಕ್ಕಿ ಹಿಂಗನ ಅಂತ ಹೇಳಾಕ ಬರೂದಿಲ್ಲ.”

ನನ್ನ ತಲೆ ಗಿರ್ ಎಂದಿತು. ಬಿಸಿಲು ಹೆಚ್ಚಾದರೆ ಕ್ರಿಮಿ ಸಾಯಬೇಕಲ್ಲ? ಇಲ್ಲಾ, ಬಿಸಿಲಿಗೆ ಹೆದರಿ ನಾವು ಒಂದೇ ಕೋಣೆಯಲ್ಲಿ ತುಂಬಿಕೊಳ್ಳುವುದೇ ಅದಕ್ಕೆ ಹಬ್ಬವೇ? ಹಾಗಾದರೆ ಸೂಜಿ ಹಾಕಿಸುವುದು ಯಾವಾಗ? ಒಬ್ಬ ಡಾಕ್ಟರರು ಮಳೆಗಾಲಕ್ಕೆ ಮುಂಚೆ ಅಂದರು, ಇನ್ನೊಬ್ಬರು ದೀಪಾವಳಿಯೇ ಸರಿ ಅಂದರು. ಇವತ್ತಿಗೂ ನನಗೆ ಬಗೆಹರಿದಿಲ್ಲ.

ಹಾಸಿಗೆ ಹಿಡಿದ ಹನ್ನೊಂದನೇ ದಿನ ಅತ್ತೆ ಹೋಗಿಬಿಟ್ಟರು.

ಕರ್ಮವೆಲ್ಲ ಮುಗಿದ ಮೇಲೆ ತಮ್ಮ ಫೋನ್ ಮಾಡಿದ. “ಅಕ್ಕಾ, ನಿಮ್ಮತ್ತಿಯವರಿಗೆ ನನ್ನಿಂದನ ಬಂತೇನ?” ಅಂದ.

“ಹುಚ್ಚಾ! ಡಾಕ್ಟರರಿಗೇ ತಿಳಿದಿಲ್ಲ, ನಿನಗೇನ್ ತಿಳೀತದ?” ಎಂದು ಬೈದೆ.

ಅವನು ಅಳತೊಡಗಿದ. ಅವನೇನು ತಿಳಿದು ತಂದನೇ? ಅವನನ್ನು ಆ ಕೋಣೆಗೆ ಕಳಿಸಿದವಳು ನಾನು. ಅಷ್ಟು ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಹೇಳಬೇಕೆಂದೇ ಬಾಯಿ ತೆರೆದೆ.

“ಊಟ ಮಾಡಿದೇನ?” ಎಂದು ಕೇಳಿದೆ.